ಪುಟಕ್ಕೊಂದು ರೂಪಾಯಿ

ನಮ್ಮ ನಲ್ಲೂರಿನ ಕಡೆ ಅಡಿಕೆ ಸುಲಿಯುವ ಕಾಲ ಬಂತೆಂದರೆ ಮಕ್ಕಳ ಹೋಂವರ್ಕ್ ಹಿಂದೆ ಬೀಳುತ್ತದೆ. ರಾತ್ರಿ ಮನೆಮಂದಿಯೆಲ್ಲ ಅಡಿಕೆ ರಾಶಿಯ ಸುತ್ತ ಕೂತಿದ್ದರೆ ಮಕ್ಕಳೂ ಅಲ್ಲೇ. ಇಂಥ ದಿನಗಳಲ್ಲಿ ಏಳನೆಯ ತರಗತಿಯ ಹುಡುಗನೊಬ್ಬನ ತಂದೆ ನನ್ನ ಬಳಿ ಬಂದು, “ಮೇಷ್ಟ್ರೇ, ಇನ್ನು ನಿಮಗೆ ಚಿಂತೆ ಬೇಡ. ಬರೆದ ಪುಟಕ್ಕೊಂದು ರೂಪಾಯಿ ಕೊಡ್ತೀನಿ ಅಂತ ಹೇಳಿದೀನಿ” ಎಂದರು. ಸುಲಿದಷ್ಟಕ್ಕೆ ಕೂಲಿ ಎಣಿಸುವವರಿಗೆ ಇದಕ್ಕಿಂತ ಸಹಜವಾದ ಉಪಾಯ ಹೊಳೆಯುವುದು ಕಷ್ಟ.

ಮೊದಲ ವಾರ ಹುಡುಗ ಪುಟ ತುಂಬಿಸಿ ತಂದ. ಎರಡನೆಯ ವಾರ ಅಕ್ಷರಗಳು ದಪ್ಪಗಾದವು. ಮೂರನೆಯ ವಾರ ಪುಟಕ್ಕೆ ಎಂಟೇ ಸಾಲು! ಲೆಕ್ಕದಲ್ಲಿ ಅವನು ಜಾಣನೇ ಎನ್ನಬೇಕು. ತಂದೆ ಹಣ ನಿಲ್ಲಿಸಿದರು, ಮಗ ಬರೆಯುವುದನ್ನು ನಿಲ್ಲಿಸಿದ.

ನಗಬೇಡಿ, ನಾನೂ ಇದೇ ತಪ್ಪು ಮಾಡಿದವನೇ. ತಿಂಗಳಿಡೀ ಹೋಂವರ್ಕ್ ತಪ್ಪಿಸದವರಿಗೆ ಪೆನ್ನು ಕೊಡುವುದಾಗಿ ತರಗತಿಯಲ್ಲಿ ಸಾರಿದ್ದೆ. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನೋಡುತ್ತೇನೆ, ಒಂದೇ ನೋಟ್‌ಬುಕ್ಕಿನ ಸುತ್ತ ಆರು ತಲೆಗಳು ಬಾಗಿವೆ. ವಿದ್ಯುತ್ ಮಂಡಲದ ಚಿತ್ರದಲ್ಲಿ ಬ್ಯಾಟರಿಯ ಧನಾಗ್ರ, ಋಣಾಗ್ರಗಳು ಅದಲುಬದಲಾಗಿದ್ದವು. ಆರೂ ಪುಸ್ತಕಗಳಲ್ಲಿ ಅದೇ ತಪ್ಪು. ಮಾತು ಕೊಟ್ಟಿದ್ದೆನಲ್ಲ, ಪೆನ್ನು ಕೊಟ್ಟೆ. ಆದರೆ ರಾತ್ರಿ ಅಡಿಕೆ ಸುಲಿದು, ಆಮೇಲೆ ತಾನೇ ಹೆಣಗಿ, ಅರ್ಧ ಮಾತ್ರ ಬರೆದು ತಂದಿದ್ದ ಹುಡುಗಿಗೆ ಏನೂ ಸಿಗಲಿಲ್ಲ. ಅವಳ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ.

ಬಹುಮಾನ ಹೇಗೆ ತಿರುಗಿ ಬೀಳುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ ಆಸೆ ತೋರಿಸಿ, ಬರೆದ ಮೇಲೆ ರಿಬ್ಬನ್ ಅಂಟಿಸಿದ ಪ್ರಶಸ್ತಿಪತ್ರ ಕೊಟ್ಟರು. ಇನ್ನೊಂದಕ್ಕೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟಾಗ, ಆಸೆಗಾಗಿ ಬರೆದಿದ್ದ ಮಕ್ಕಳು ಉಳಿದವರು ಬರೆದದ್ದರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬರೆದರು.

ಹಾಗಾದರೆ ಬಹುಮಾನವೇ ಬೇಡವೇ ಎಂದು ನೀವು ಕೇಳಬಹುದು. ಆ ಮಕ್ಕಳಿಗೆ ಚಿತ್ರ ಮೊದಲೇ ಇಷ್ಟವಾಗಿತ್ತು. ಮಗ್ಗಿ ಬರೆಯುವುದನ್ನು ಅಷ್ಟು ಇಷ್ಟಪಡುವ ಮಗುವನ್ನು ನಾನಂತೂ ಕಂಡಿಲ್ಲ! ಬೇಸರದ ಕೆಲಸ ಶುರುವಾಗಲು ಸಣ್ಣದೊಂದು ಆಸೆ ಇರಲಿ. ಆದರೆ ಅದು ಪುಟಕ್ಕಲ್ಲ, ಗೊತ್ತಾದ ಹೊತ್ತಿಗೆ ಪುಸ್ತಕ ಹಿಡಿದು ಕೂತದ್ದಕ್ಕೆ. ಹಣಕ್ಕಿಂತ ಅರ್ಧ ಗಂಟೆ ಹೆಚ್ಚು ಆಟ, ಇಲ್ಲವೇ ಭಾನುವಾರ ಅಪ್ಪನ ಜೊತೆ ಸೂಳೆಕೆರೆಗೊಂದು ಸುತ್ತು ಮೇಲು. ಅಭ್ಯಾಸ ಕೂತಂತೆ ಇದನ್ನೂ ಕಡಿಮೆ ಮಾಡುತ್ತ ಬನ್ನಿ. (ಒಂದು, ಎರಡನೆಯ ತರಗತಿಯವರಿಗೆ ಹೋಂವರ್ಕೇ ಬೇಡವೆಂದು ಕೇಂದ್ರ ಸರ್ಕಾರ 2018ರಲ್ಲಿ ತಿಳಿಸಿದೆ; ಆ ಪುಟಾಣಿಗಳನ್ನು ಬಿಟ್ಟುಬಿಡಿ.)

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಮಗು ಕಲಿಕೆಯ ಏಣಿಯ ಮೇಲೆ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ತಾನೇ ನೋಡಿಕೊಳ್ಳುತ್ತದೆ. ಮನೆಯಲ್ಲಿ ಇದಕ್ಕೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಸಾಕು. ಓದಲು ಕೂತ ದಿನಕ್ಕೆ ಮಗುವೇ ಗುರುತು ಹಾಕಲಿ. ಆ ತಂದೆಗೂ ಇದನ್ನೇ ಹೇಳಿದೆ, ಜೊತೆಗೆ ಅಡಿಕೆಗೆ ಕೂರಿಸುವ ಮುನ್ನ ಹುಡುಗನಿಗೆ ಅರ್ಧ ಗಂಟೆ ಬಿಟ್ಟುಕೊಡಿ ಎಂದೆ. “ಕ್ಯಾಲೆಂಡರಿಗೆ ಖರ್ಚಿಲ್ಲ ಬಿಡಿ, ಅರ್ಧ ಗಂಟೆಯೇ ಕಷ್ಟ” ಎಂದು ನಕ್ಕರು. ಆದರೂ ಕೊಟ್ಟರು.

ನನ್ನ ತರಗತಿಯ ನಿಯಮವನ್ನೂ ಬದಲಿಸಿದೆ. ಎಲ್ಲಿ ತಿಳಿಯಲಿಲ್ಲವೋ ಅದನ್ನು ಬರೆದು ತಂದರೆ ಅದೂ ಹೋಂವರ್ಕೇ. ಮರುದಿನ ಆ ಹುಡುಗಿಯ ಪುಸ್ತಕದಲ್ಲಿ ಅರ್ಧ ಚಿತ್ರ, ಅದರ ಕೆಳಗೆ ಒಂದು ಸಾಲು: “ಬಲ್ಬಿನಿಂದ ಆಚೆ ಕರೆಂಟ್ ಎತ್ತ ಹೋಗುತ್ತೆ ಸಾರ್?” ಅವತ್ತಿನ ಪಾಠವನ್ನು ಆ ಸಾಲಿನಿಂದಲೇ ಶುರು ಮಾಡಿದೆ.