ಗೋಡೆ ಒಣಗುವ ತನಕ

ಮೂವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಒಂದು ಮನೆ. ಗೋಡೆಗಳ ಒಳಗೂ ಹೊರಗೂ ಅಂಗುಲಕ್ಕಿಂತ ತುಸು ದಪ್ಪಗೆ ಮಣ್ಣಿನ ಗಿಲಾವು ಮೆತ್ತಿದ್ದಾರೆ. ಬಾಗಿಲು-ಕಿಟಕಿ ಕಳೆದರೆ ಮೆತ್ತಿದ ಜಾಗ ಸುಮಾರು 190 ಚದರ ಮೀಟರ್. ಒಂದು ಚದರ ಮೀಟರಿಗೆ ಬಳಿದ ರಾಡಿಯಲ್ಲಿ ಹತ್ತಿರ ಹತ್ತಿರ 10 ಲೀಟರ್ ನೀರು. ಗಿಲಾವು ಮುಗಿದ ಸಂಜೆ ಆ ಗೋಡೆಗಳು ಎರಡು ಸಾವಿರ ಲೀಟರಿನಷ್ಟು, ಅಂದರೆ ಟ್ರ್ಯಾಕ್ಟರ್ ಎಳೆಯುವ ಟ್ಯಾಂಕರಿನ ಅರ್ಧದಷ್ಟು ನೀರು ಹೊತ್ತು ನಿಂತಿರುತ್ತವೆ. ಸಿಮೆಂಟಿನ ಮನೆಯಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಗೋಡೆಗೆ ವಾರಗಟ್ಟಲೆ ನೀರು ಹೊಡೆಯುವುದೇ ಕೆಲಸ. ಗಿಲಾವಿನ ಹಿಂದೆ ಇಟ್ಟಿಗೆಯ ಬದಲು ಒಣಹುಲ್ಲಿನ ಪೆಂಡಿಗಳಿದ್ದರೆ ಮಾತೇ ಬೇರೆ. ಆ ನೀರು ಯಾವ ದಾರಿಯಿಂದ, ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂಬುದರ ಮೇಲೆ ಮನೆಯ ಆಯುಷ್ಯ ನಿಂತಿದೆ.

ಹುಲ್ಲಿನ ಪೆಂಡಿಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ಟುವ ಪದ್ಧತಿ ಹುಟ್ಟಿದ್ದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಮರಳುದಿಬ್ಬಗಳ ಸೀಮೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಅಲ್ಲಿ ಮರ ಅಪರೂಪ, ಮಣ್ಣೋ ಬರೀ ಮರಳು. ಹುಲ್ಲನ್ನು ಒತ್ತಿ ಚೌಕಾಕಾರದ ಪೆಂಡಿ ಕಟ್ಟುವ ಯಂತ್ರ ಆಗಷ್ಟೇ ಬಂದಿತ್ತು. ಬೇರೇನೂ ಸಿಗದ ವಲಸಿಗರು ಪೆಂಡಿಗಳನ್ನೇ ಪೇರಿಸಿ, ಮೇಲೆ ಚಾವಣಿ ಹಾಕಿ, ಮುಂದೆ ಅನುಕೂಲವಾದಾಗ ಒಳ್ಳೆಯ ಮನೆ ಕಟ್ಟಿದರಾಯಿತು ಎಂದುಕೊಂಡರು. ತಾತ್ಕಾಲಿಕ ಎಂದುಕೊಂಡದ್ದೇ ಬಾಳಿಕೆ ಬಂತು. ಅಲಯನ್ಸ್ ಊರಿನ ಬಳಿ 1903ರಲ್ಲಿ ಎದ್ದ ಬರ್ಕ್ ಮನೆ, ಆರ್ಥರ್ ಎಂಬ ಹಳ್ಳಿಯ 1928ರ ಚರ್ಚು ಇವತ್ತಿಗೂ ಹೆಸರಾಗಿವೆ. ಫ್ರಾನ್ಸಿನ ಮೊಂತಾರ್ಜಿ ಪಟ್ಟಣದಲ್ಲಿ ಫೊಯೆಟ್ ಎಂಬ ಎಂಜಿನಿಯರ್ 1920ರಲ್ಲಿ ಮರದ ಚೌಕಟ್ಟಿನೊಳಗೆ ಹುಲ್ಲು ತುಂಬಿ ಕಟ್ಟಿಸಿದ ಮನೆ ನೂರು ವರ್ಷ ದಾಟಿಯೂ ನಿಂತಿದೆ.

ಇತ್ತ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆ ಪೆಂಡಿ ಪೇರಿಸಿ ಗೋಡೆ ಎಬ್ಬಿಸುವ ರೂಢಿ ಬೆಳೆಯಲಿಲ್ಲ. ಕಾರಣ ಸರಳ. ಇಲ್ಲಿ ಬಿಳಿಜೋಳದ ಕಣಿಕಿ ಎತ್ತು-ಎಮ್ಮೆಗಳ ವರ್ಷದ ಮೇವು. ಬಣವಿ ಒಟ್ಟುವುದು ಬೇಸಿಗೆ ದಾಟಿಸಲು. ಅದನ್ನು ಗೋಡೆಯೊಳಗೆ ಹೂಳುವ ಶ್ರೀಮಂತಿಕೆ ಯಾವ ಒಕ್ಕಲುತನಕ್ಕೂ ಇರಲಿಲ್ಲ. ಹಾಗಂತ ಹುಲ್ಲಿಗೂ ಗೋಡೆಗೂ ಇಲ್ಲಿ ನಂಟೇ ಇಲ್ಲವೆಂದಲ್ಲ. ದನ ತಿಂದು ಬಿಟ್ಟದ್ದು, ರಾಶಿ ತೂರಿದಾಗ ಹಾರಿದ್ದು, ಅಂದರೆ ಹೊಟ್ಟು, ಮಣ್ಣಿನ ಜೊತೆ ಕಲೆತು ಗೋಡೆ ಸೇರಿತು. ಕೃಷ್ಣೆ-ಘಟಪ್ರಭೆಯರ ನಡುವಿನ ಹಳೆಯ ಮನೆಗಳ ಗಿಲಾವನ್ನು ಕೆರೆದು ನೋಡಿದರೆ ಕಣ್ಣಿಗೆ ಬೀಳುವುದು ಅದೇ. ಹುಲ್ಲಿನ ಪೆಂಡಿಯ ಮನೆಯನ್ನು ಬದುಕಿಸುವ ಕೊನೆಯ ಕೆಲಸ ಯಾವುದೋ, ಅದರ ವಿದ್ಯೆ ಈ ಸೀಮೆಯಲ್ಲಿ ಮೊದಲಿನಿಂದಲೂ ಇತ್ತು.

ಆ ವಿದ್ಯೆಯ ಒಳಗುಟ್ಟು ಜೇಡಿಯಲ್ಲಿದೆ. ಜೇಡಿಯ ಕಣಗಳು ಹಾಳೆಯಂಥ ತೆಳ್ಳಗಿನ ಪದರುಗಳು. ನೀರು ಸೇರಿದಾಗ ಪದರುಗಳು ದೂರ ಸರಿಯುತ್ತವೆ, ಒಣಗಿದಾಗ ಬಿಗಿದುಕೊಳ್ಳುತ್ತವೆ. ಎರಿ ಮಣ್ಣಿನ ಜೇಡಿ ಈ ಆಟದಲ್ಲಿ ಎಲ್ಲರಿಗಿಂತ ಮುಂದು. ಬೇಸಿಗೆಯಲ್ಲಿ ಎರಿ ಹೊಲ ಕೈ ಹಿಡಿಸುವಷ್ಟು ಬಿರಿಯುವುದನ್ನು ಎಲ್ಲರೂ ನೋಡಿದ್ದಾರೆ. ಅಂಥ ಮಣ್ಣನ್ನು ಹಾಗೇ ಗೋಡೆಗೆ ಹಚ್ಚಿದರೆ ನಾಲ್ಕು ದಿನಕ್ಕೆ ಹೆಕ್ಕಳಿಕೆ ಏಳುತ್ತದೆ. ಅದಕ್ಕೇ ಗಿಲಾವಿಗೆ ಮಸಾರಿಯ ಕೆಂಪು ಮಣ್ಣು, ಸಾಲದಿದ್ದರೆ ಹಳ್ಳದ ಉಸುಕು, ಮೇಲೆ ಕೈತುಂಬ ಹೊಟ್ಟು. ಮಣ್ಣು ಕುಗ್ಗುವಾಗ ಹೊಟ್ಟಿನ ಎಳೆಗಳು ಬಿರುಕಿಗೆ ಅಡ್ಡ ಬೀಳುತ್ತವೆ. ಒಂದು ದೊಡ್ಡ ಸೀಳಿನ ಬದಲು ಕಣ್ಣಿಗೆ ಕಾಣದ ಸಾವಿರ ಸಣ್ಣ ಬಿರುಕುಗಳಾಗಿ ಒತ್ತಡ ಹಂಚಿಹೋಗುತ್ತದೆ. ಕಾಂಕ್ರೀಟಿಗೆ ನಾರು ಬೆರೆಸುವ ಇಂದಿನ ಎಂಜಿನಿಯರಿಂಗ್ ಮಾಡುವುದೂ ಇದನ್ನೇ.

ಕಲಸಿದ ರಾಡಿಯನ್ನು ಕೂಡಲೇ ಬಳಸದೆ ಕೆಲವು ದಿನ ಕೊಳೆ ಹಾಕುವುದಕ್ಕೂ ಅರ್ಥವಿದೆ. ನೀರಿನಲ್ಲಿ ಹೊಟ್ಟು ಹುಳಿಯುವಾಗ ಸೂಕ್ಷ್ಮಜೀವಿಗಳು ಅಂಟಿನಂಥ ಸಕ್ಕರೆಯ ಸರಪಣಿಗಳನ್ನು ಬಿಡುತ್ತವೆ, ಹುಲ್ಲೆಳೆ ಮೆತ್ತಗಾಗಿ ಮಣ್ಣನ್ನು ಕಚ್ಚಿಕೊಳ್ಳುತ್ತದೆ. ಸೆಗಣಿಯ ವಿಷಯ ಇನ್ನೂ ಸ್ವಾರಸ್ಯ. ಬುರ್ಕಿನಾ ಫಾಸೊದ ಮಣ್ಣಿನ ಇಟ್ಟಿಗೆಗಳ ಬಗ್ಗೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಸೆಗಣಿಯಲ್ಲಿರುವ ಅಮೈನ್‌ಗಳು ಜೇಡಿ ಮತ್ತು ಮರಳಿನ ಸಿಲಿಕಾದೊಂದಿಗೆ ಸೇರಿ ನೀರಿನಲ್ಲಿ ಕರಗದ ಸಂಯುಕ್ತವಾಗುತ್ತವೆ. ಇಟ್ಟಿಗೆ ನೀರಿಗೆ ಹೆಚ್ಚು ತಾಳುತ್ತದೆ. ಮಹಾನವಮಿಗೆ ಮುಂಚೆ ಮನೆಯೆಲ್ಲ ಸಾರಿಸಿ ಸುಣ್ಣ ಬಳಿಯುವ ಹೆಣ್ಣುಮಕ್ಕಳಿಗೆ ಈ ಸಂಯುಕ್ತದ ಹೆಸರು ಬೇಕಾಗಿರಲಿಲ್ಲ. ಆದರೆ ಅವರು ಆರಿಸಿಕೊಂಡ ಹೊತ್ತು ಸರಿಯಾಗಿಯೇ ಇದೆ: ಈ ಕಡೆ ಮಳೆ ಜೋರಾಗುವುದು ಸೆಪ್ಟೆಂಬರಿನಲ್ಲಿ, ಗೋಡೆ ನೆನೆದು ಸವೆಯುವುದೂ ಆಗಲೇ. ಮಳೆ ಹಿಂದೆ ಸರಿಯುತ್ತಿದ್ದಂತೆ ರಿಪೇರಿ.

ಇಷ್ಟೆಲ್ಲ ತಿಳಿದೂ ಕಳೆದ ಕೆಲವು ದಶಕಗಳಲ್ಲಿ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯುವ ಚಾಳಿ ಊರೂರಿಗೆ ಹಬ್ಬಿದೆ. ನೋಡಲು ಗಟ್ಟಿ, ವರ್ಷಾವರ್ಷ ಸಾರಿಸುವ ಕಾಟವಿಲ್ಲ. ಇದು ಎಂಥ ದುಬಾರಿ ಸೋಮಾರಿತನ ಎಂಬುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೊದ ಒಂದು ಚರ್ಚು ಸಾಕ್ಷಿ. ರಾಂಚೋಸ್ ದೆ ತಾವೊಸ್‌ನ ಸಾನ್ ಫ್ರಾನ್ಸಿಸ್ಕೊ ಚರ್ಚಿನ ಹಸಿ ಇಟ್ಟಿಗೆಯ ಗೋಡೆಗಳಿಗೆ 1967ರಲ್ಲಿ ಸಿಮೆಂಟ್ ಗಿಲಾವು ಮಾಡಿಸಿದರು. ಸಿಮೆಂಟು ಸಣ್ಣಗೆ ಬಿರಿಯಿತು, ಬಿರುಕಿನಿಂದ ಒಳಹೊಕ್ಕ ಮಳೆನೀರಿಗೆ ಆವಿಯಾಗಿ ಹೊರಬರಲು ಹಾದಿ ಸಿಗಲಿಲ್ಲ, ಒಳಗಿನ ಮಣ್ಣು ಮೆತ್ತಗಾಗತೊಡಗಿತು. 1979ರಲ್ಲಿ ಅದನ್ನೆಲ್ಲ ಕಿತ್ತು ಮತ್ತೆ ಮಣ್ಣು-ಹುಲ್ಲಿನ ಗಿಲಾವು ಹಾಕಿದರು. ಅಂದಿನಿಂದ ಬೇಸಿಗೆಯಲ್ಲಿ ಊರಿನವರೇ ಸೇರಿ ಅದನ್ನು ಮೆತ್ತುತ್ತ ಬಂದಿದ್ದಾರೆ. ಗೋಡೆಯೊಳಗೆ ಹುಲ್ಲಿದ್ದರೆ ಸಿಮೆಂಟಿನ ಅಪಾಯ ಇನ್ನೂ ಹೆಚ್ಚು. ಸುಣ್ಣದ ಗಾರೆ ನಡೆಯುತ್ತದೆ. ಅದರ ರಂಧ್ರಗಳಲ್ಲಿ ಆವಿ ಓಡಾಡುತ್ತದೆ. ಸುಣ್ಣಕಲ್ಲಿನ ಪದರುಗಳ ಮೇಲೇ ಕೂತಿರುವ ಲೋಕಾಪುರ-ಮುಧೋಳದ ಸೀಮೆಯಲ್ಲಿ ಸುಣ್ಣಕ್ಕೇನು ಬರ?

ಹುಲ್ಲು ಕೊಳೆಯುವುದು ತೇವದಿಂದ ಎನ್ನುವುದಕ್ಕಿಂತ ಹೊರಹೋಗದ ತೇವದಿಂದ ಎನ್ನುವುದು ಸರಿ. ಸುತ್ತಲಿನ ಗಾಳಿಯ ತೇವಾಂಶ ಶೇ. 80ರ ಮೇಲೆ ಬಹಳ ದಿನ ನಿಂತರೆ ಬೂಷ್ಟು ಹಿಡಿಯುತ್ತದೆ. ಅಮೆರಿಕದ ವಸತಿ ಕಟ್ಟಡ ಸಂಹಿತೆಗೆ 2015ರಲ್ಲಿ ಹುಲ್ಲಿನ ಪೆಂಡಿಯ ಮನೆಗಳ ಅನುಬಂಧವೊಂದು ಸೇರಿತು. ಗೋಡೆಗಿಡುವ ಪೆಂಡಿಯಲ್ಲಿ ನೀರಿನ ಪಾಲು ತೂಕದ ಶೇ. 20 ಮೀರಬಾರದು ಎನ್ನುತ್ತದೆ ಅದು. ಇಲ್ಲಿನ ಮಾರ್ಚ್-ಏಪ್ರಿಲ್ ಬಿಸಿಲಿಗೆ ಆ ಷರತ್ತು ಲೆಕ್ಕಕ್ಕೇ ಇಲ್ಲ. ವರ್ಷದ ಮಳೆಯೇ 600 ಮಿಲಿಮೀಟರಿನ ಆಸುಪಾಸು, ಬೇಸಿಗೆಯ ಮಧ್ಯಾಹ್ನದ ಗಾಳಿ ಬಾಯಿ ಒಣಗಿಸುವಂಥದ್ದು. ಜಗತ್ತಿನ ಎಷ್ಟೋ ಕಡೆ ಹುಲ್ಲಿನ ಮನೆ ಕಟ್ಟುವವರು ಗಿಲಾವು ಒಣಗಿಸಲು ಫ್ಯಾನು, ಹೀಟರು ಹಚ್ಚಿ ಪರದಾಡುತ್ತಾರೆ. ಜಮಖಂಡಿಯಲ್ಲಿ ಆ ಕೆಲಸವನ್ನು ಬಿಸಿಲೇ ಪುಕ್ಕಟೆ ಮಾಡಿಕೊಡುತ್ತದೆ. ಇಲ್ಲಿನ ತೊಂದರೆ ತಿರುಗುಮುರುಗು: ಬೇಗ ಒಣಗಿ ಬಿರಿಯದಂತೆ ಮೊದಲ ದಿನಗಳಲ್ಲಿ ಗೋಣಿತಟ್ಟು ಇಳಿಬಿಟ್ಟು ನೆರಳು ಮಾಡಬೇಕು.

ಹಾಗಾಗಿ ಪಂಚಾಂಗವೂ ವಿಜ್ಞಾನವೂ ಇಲ್ಲಿ ಜಗಳವಾಡುವುದಿಲ್ಲ. ಹಿಂಗಾರಿ ಜೋಳ-ಗೋದಿಯ ರಾಶಿ ಮುಗಿದಾಗ ಹುಲ್ಲು ಒಣಗಿರುತ್ತದೆ. ಆಗ ಗೋಡೆ, ಯುಗಾದಿಯ ಸುಮಾರಿಗೆ ಗಿಲಾವಿನ ಮೊದಲ ಕೈ. ಅದು ಪೂರ್ತಿ ಒಣಗಿ, ಬಿರುಕು ಬಿಡುವಷ್ಟು ಬಿಟ್ಟ ಮೇಲೇ ಎರಡನೆಯ ಕೈ. ತೆಳ್ಳಗಿನ ಕೊನೆಯ ಕೈ ಅದಾದ ಮೇಲೆ. ವಾಸ್ತುಶಾಂತಿ ಬಸವ ಜಯಂತಿಗೆ ಬಂದರೆ ಗೋಡೆ ತಯಾರು. ಅದೇ ಕೆಲಸ ಗಣೇಶ ಚೌತಿಗೆ ಶುರುವಾದರೆ ಹುಲ್ಲು ನೆನೆದು, ಗಿಲಾವು ಹಸಿಯಾಗಿಯೇ ಉಳಿಯುತ್ತದೆ. ಒಣಗಿತೋ ಇಲ್ಲವೋ ತಿಳಿಯಲು ಉದ್ದ ಸೂಜಿಯ ತೇವಮಾಪಕ ಬೇಕು. ಗೋಡೆಯ ಬಣ್ಣ ತಿಳಿಯಾದ ಮಾತ್ರಕ್ಕೆ ಒಳಗಿನ ಪೆಂಡಿ ಒಣಗಿದೆ ಎಂದಲ್ಲ.

ಮನೆ ಹೊಕ್ಕ ಮೇಲೆ ನೀರಿನ ಹೊಸ ಮೂಲ ಮನುಷ್ಯರೇ. ನಾಲ್ಕು ಜನರ ಸಂಸಾರ ಉಸಿರು, ಅಡುಗೆ, ಸ್ನಾನ, ಒಗೆದ ಬಟ್ಟೆ ಎಲ್ಲ ಸೇರಿ ದಿನಕ್ಕೆ ಹತ್ತು ಲೀಟರಿನಷ್ಟು ನೀರನ್ನು ಗಾಳಿಗೆ ಬಿಡುತ್ತದೆ. ಬಚ್ಚಲನ್ನು ಹುಲ್ಲಿನ ಗೋಡೆಗೆ ಒತ್ತಿ ಕಟ್ಟದೆ ಕಲ್ಲು ಅಥವಾ ಇಟ್ಟಿಗೆಯಲ್ಲಿ ಬೇರೆಯಾಗಿಯೇ ಕಟ್ಟುವುದು ಒಳ್ಳೆಯದು. ಒಲೆಯ ಮೇಲೆ ಬೆಳಕಿಂಡಿ ಇರಲಿ. ಇನ್ನು ದೇವರ ಫೋಟೊ, ಗಡಿಯಾರ, ಕ್ಯಾಲೆಂಡರ್: ಇಂಥ ಗೋಡೆಗೆ ಮೊಳೆ ನಿಲ್ಲುವುದಿಲ್ಲ. ಎಲ್ಲೆಲ್ಲಿ ಏನು ತೂಗಬೇಕೆಂದು ಗಿಲಾವಿಗೆ ಮುಂಚೆಯೇ ತೀರ್ಮಾನಿಸಿ ಪೆಂಡಿಯೊಳಗೆ ಕಟ್ಟಿಗೆಯ ಗೂಟ ಬಡಿದಿರಬೇಕು. ಒಂದೂವರೆ ಅಡಿ ದಪ್ಪದ ಗೋಡೆಯಲ್ಲಿ ಮಾಡಗಳನ್ನಂತೂ ಮನಸ್ಸಿಗೆ ಬಂದಷ್ಟು ಬಿಡಿಸಿಕೊಳ್ಳಬಹುದು.

ಇಷ್ಟು ಕಷ್ಟ ಯಾಕೆ? ಮೇ ತಿಂಗಳಿಗಾಗಿ. ಒಣಹುಲ್ಲಿನ ಪೆಂಡಿಯ ಮೂಲಕ ಶಾಖ ಹರಿಯುವುದು ಸುಟ್ಟ ಇಟ್ಟಿಗೆಯ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಕದಲುವುದಿಲ್ಲ. ಮಣ್ಣಿನ ದಪ್ಪ ಗೋಡೆ ಮಾಡುವುದು ಬೇರೆ ಕೆಲಸ: ಶಾಖವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ತಡಮಾಡುತ್ತದೆ. ಮಧ್ಯಾಹ್ನದ ಬಿಸಿ ಒಳಗೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿ, ಜನ ಮಾಳಿಗಿಯ ಮೇಲೆ ಮಲಗಿರುತ್ತಾರೆ. ಹುಲ್ಲು ಹೊರಗಿನದನ್ನು ತಡೆದು, ಒಳಮೈಯ ಮಣ್ಣು ಮನೆಯ ತಂಪನ್ನು ಹಿಡಿದಿಟ್ಟರೆ ಎರಡರ ಲಾಭವೂ ಸಿಗುತ್ತದೆ. 2019ರ ಆಗಸ್ಟ್ ಪ್ರವಾಹದ ನಂತರ ತಗಡಿನ ಶೆಡ್ಡುಗಳಲ್ಲಿ ಬೇಸಿಗೆ ಕಳೆದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಆದರೆ ಹಳೆಯ ಮಾಳಿಗಿಯನ್ನು ಹುಲ್ಲಿನ ಗೋಡೆಯ ಮೇಲೆ ಕೂರಿಸುವಂತಿಲ್ಲ. ತೊಲಿ, ಜಂತಿ, ಮೇಲೆ ಕಟ್ಟಿಗೆ-ಕಣಿಕಿ, ಅದರ ಮೇಲೆ ಅಡಿಗಟ್ಟಲೆ ಮಣ್ಣು, ಕೊನೆಗೆ ಹಾಳಮಣ್ಣು ಎಂಬ ಸವಳು ಮಣ್ಣು. ಈ ಕೊನೆಯ ಪದರು ಜಾಣತನದ್ದು. ಸವಳು ಮಣ್ಣಿನ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡಿ ರಂಧ್ರಗಳನ್ನು ಮುಚ್ಚುತ್ತದೆ, ನೀರು ಇಳಿಯದೆ ಹರನಾಳದತ್ತ ಹರಿಯುತ್ತದೆ. ನೀರಾವರಿಯ ಕಬ್ಬಿನ ಗದ್ದೆಗಳನ್ನು ಸವಳು-ಜವಳು ಮಾಡಿ ಹಾಳುಗೆಡಹುತ್ತಿರುವುದೂ ಇದೇ ಗುಣ. ಮಾಳಿಗಿಯ ದೋಷ ಅದರ ತೂಕ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತದ್ದು ಬಹುಪಾಲು ಇಂಥ ಮಣ್ಣಿನ ಚಾವಣಿ, ಕಲ್ಲು-ಮಣ್ಣಿನ ಗೋಡೆಗಳ ಅಡಿಯಲ್ಲಿ. ಹುಲ್ಲಿನ ಗೋಡೆಗೆ ಹಗುರವಾದ, ಎರಡು ಅಡಿಯಾದರೂ ಹೊರಚಾಚಿದ ಇಳಿಜಾರು ಸೂರು ಬೇಕು. ಸೂರು ಗಿಡ್ಡವಾದರೆ ಗಿಲಾವಿಗೆ ಮಾಡಿದ ಖರ್ಚೆಲ್ಲ ನೀರಲ್ಲಿ ಹೋಮ.

ಬೆಂಕಿಯ ಹೆದರಿಕೆ ಎಲ್ಲರಿಗೂ ಮೊದಲು ಬರುತ್ತದೆ, ಅದೇ ಎಲ್ಲಕ್ಕಿಂತ ಚಿಕ್ಕದು. ಬಿಗಿಯಾಗಿ ಒತ್ತಿದ ಪೆಂಡಿಯೊಳಗೆ ಉರಿಗೆ ಬೇಕಾದ ಗಾಳಿಯಿಲ್ಲ. 2006ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಮಣ್ಣಿನ ಗಿಲಾವಿನ ಗೋಡೆ ಒಂದು ಗಂಟೆಯ, ಸಿಮೆಂಟ್-ಸುಣ್ಣದ ಗಿಲಾವಿನದು ಎರಡು ಗಂಟೆಯ ಬೆಂಕಿಯನ್ನು ತಡೆದವು. ಅಪಾಯ ಇರುವುದು ಗಿಲಾವಿಗೆ ಮುಂಚೆ, ಸಡಿಲ ಹುಲ್ಲು ಅಂಗಳದ ತುಂಬ ಬಿದ್ದಿರುವಾಗ, ಯಾರೋ ಬೀಡಿ ಹಚ್ಚಿದಾಗ. ಗೆದ್ದಲಿಗೆ ಎತ್ತರದ ಕಲ್ಲಿನ ಬುನಾದಿ, ಇಲಿಗೆ ಕಾಳಿಲ್ಲದ ಹುಲ್ಲು. ನದಿಗೆ ಮಾತ್ರ ಮದ್ದಿಲ್ಲ: ಹಿಪ್ಪರಗಿ ಬ್ಯಾರೇಜಿನ ಸುತ್ತ, ಆಲಮಟ್ಟಿ ಹಿನ್ನೀರಿನ ಬೀಳಗಿಯ ದಂಡೆಯಲ್ಲಿ ಹುಲ್ಲಿನ ಮನೆ ಕಟ್ಟುವುದು ಹುಂಬತನ.

ಹುಲ್ಲು ಎಲ್ಲಿಂದ ಬರಬೇಕು? ಕಣಿಕಿ ದನಕ್ಕಿರಲಿ. ಕಬ್ಬು ಕಡಿದ ಮೇಲೆ ಗದ್ದೆಯಲ್ಲೇ ಬೆಂಕಿಗೆ ಬೀಳುವ ರವದಿ ಇದೆ. ಅದು ಚಪ್ಪಟೆ ಎಲೆ, ಗೋದಿ ಹುಲ್ಲಿನಂತೆ ಟೊಳ್ಳು ಕೊಳವೆಯಲ್ಲ. ಸೂರಿನ ಭಾರ ಹೊರಿಸದೆ, ಕಂಬಗಳ ನಡುವೆ ತುಂಬಲು ಮಾತ್ರ ಪ್ರಯತ್ನಿಸಿ ನೋಡಬೇಕಾದದ್ದು. ಕಬ್ಬಿನ ಸಿಪ್ಪೆಯಿಂದ ಶಾಖ ತಡೆಯುವ ಹಲಗೆ ಮಾಡುವ ಉದ್ಯಮ ಅಮೆರಿಕದ ಲೂಸಿಯಾನಾದಲ್ಲಿ 1920ರ ದಶಕದಲ್ಲೇ ಸೆಲೊಟೆಕ್ಸ್ ಹೆಸರಿನಲ್ಲಿ ನಡೆದಿತ್ತು. ಸಮೀರವಾಡಿಯಿಂದ ಹಿರೇಪಡಸಲಗಿಯ ತನಕ ಸಕ್ಕರೆ ಕಾರ್ಖಾನೆಗಳಿರುವ ಈ ಸೀಮೆಯಲ್ಲಿ ಸಿಪ್ಪೆ ಸೇರುವುದು ಬಾಯ್ಲರಿಗೆ.

ಇಂಥ ಗೋಡೆಯಿಂದ ಹೆಚ್ಚು ಉಪಯೋಗವಾಗುವುದು ಬಹುಶಃ ರಬಕವಿ-ಬನಹಟ್ಟಿಯ ನೇಕಾರರಿಗೆ. ಹತ್ತಿ ನೂಲು ತೇವದಲ್ಲಿ ಗಟ್ಟಿ, ಒಣಗಿದರೆ ಎಳೆ ಹರಿಯುತ್ತದೆ. ಮಣ್ಣಿನ ಗಿಲಾವು ಗಾಳಿಯ ತೇವ ಹೆಚ್ಚಾದಾಗ ಹೀರಿ, ಕಡಿಮೆಯಾದಾಗ ಮರಳಿಸುತ್ತದೆ. ಕುಣಿಮಗ್ಗದ ಹಳೆಯ ಮನೆಗಳು ನೂಲಿಗೆ ಹಿತವಾಗಿದ್ದುದರಲ್ಲಿ ಇದರ ಪಾಲೂ ಇತ್ತು. ಈಗ ವಿದ್ಯುತ್ ಮಗ್ಗಗಳು ಪತ್ರಾಸಿನ ಚಾವಣಿಯ ಕೆಳಗೆ, ಮಕ್ಕಳು ಓದುವ ಕೋಣೆಗೆ ಅಂಟಿಕೊಂಡೇ ಬಡಿದುಕೊಳ್ಳುತ್ತವೆ. ಮಗ್ಗದ ಕೋಣೆಯಲ್ಲಿ ಸದ್ದು 90 ಡೆಸಿಬಲ್ ಮೀರುವುದು ಸಾಮಾನ್ಯ. ಮಣ್ಣು ಮೆತ್ತಿದ ಹುಲ್ಲಿನ ಗೋಡೆ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ತೂಕ ಮಾತ್ರ ಒಂಬತ್ತಂಗುಲದ ಇಟ್ಟಿಗೆಯ ಗೋಡೆಗಿಂತ ಬಹಳ ಕಡಿಮೆ. ಇಡೀ ಮನೆ ಬೇಡ, ಮಗ್ಗಕ್ಕೂ ಮಲಗುವ ಕೋಣೆಗೂ ನಡುವೆ ಒಂದೇ ಒಂದು ಗೋಡೆ ಹೀಗೆ ಕಟ್ಟಿ ನೋಡಬಹುದು. ಮಗ್ಗದ ಅದಿರಾಟ ನೆಲದ ಮೂಲಕ ಗೋಡೆಗೆ ತಲುಪದಂತೆ ಮಗ್ಗದ ಕಾಲಿನಡಿ ರಬ್ಬರಿನ ದಪ್ಪ ತುಂಡು ಹಾಕಬೇಕು, ಹತ್ತಿಯ ದೂಳು ಹಾರುವ ಜಾಗವಾದ್ದರಿಂದ ಒಂದು ಬೊಗಸೆಯಷ್ಟು ಹುಲ್ಲೂ ಗಿಲಾವಿನ ಹೊರಗೆ ಇಣುಕದಂತೆ ನೋಡಿಕೊಳ್ಳಬೇಕು, ಸ್ವಿಚ್ ಬೋರ್ಡನ್ನು ಆ ಗೋಡೆಯಲ್ಲಿ ಕೂರಿಸಲೇಬಾರದು.