ಮನೆಯ ಬಿಟ್‌ಕಾಯಿನ್ ನೋಡ್ ಟಾರ್ ಹಾದಿಯಲ್ಲಿ

ಸ್ವಂತ ಕಂಪ್ಯೂಟರಿನಲ್ಲಿ ಬಿಟ್‌ಕಾಯಿನ್ ನೋಡ್ ಇಟ್ಟುಕೊಂಡವರು ಲೆಕ್ಕಕ್ಕಾಗಿ ಯಾರನ್ನೂ ನಂಬಬೇಕಿಲ್ಲ. 2009ರ ಜನವರಿಯ ಮೊದಲ ಬ್ಲಾಕಿನಿಂದ ಈಗಷ್ಟೇ ಬಂದ ಬ್ಲಾಕಿನವರೆಗೆ ಎಲ್ಲವನ್ನೂ ನೋಡ್ ತಾನೇ ಇಳಿಸಿಕೊಂಡು ತಾನೇ ಪರೀಕ್ಷಿಸುತ್ತದೆ. ನಿಮ್ಮ ಬಳಿ ಎಷ್ಟಿದೆ ಎಂದು ತಿಳಿಯಲು ಬೇರೆಯವರ ಸರ್ವರಿಗೆ ನಿಮ್ಮ ವಾಲೆಟ್ಟಿನ ವಿಳಾಸಗಳನ್ನೆಲ್ಲ ಒಪ್ಪಿಸುವ ಅಗತ್ಯವೂ ಇರುವುದಿಲ್ಲ. ಇಷ್ಟೆಲ್ಲ ಕಾಪಾಡುವ ಇದೇ ನೋಡ್ ಒಂದು ಗುಟ್ಟನ್ನು ಮಾತ್ರ ತಾನಾಗಿಯೇ ಬಿಟ್ಟುಕೊಡುತ್ತದೆ. ಅದು ನಿಮ್ಮ ಮನೆಯ ಐಪಿ ವಿಳಾಸ.

ಹೇಗೆ ಎಂದು ನೋಡಿ. ನೋಡ್ ನಡೆಸುವ ಬಿಟ್‌ಕಾಯಿನ್ ಕೋರ್ ಎಂಬ ತಂತ್ರಾಂಶ ಚಾಲೂ ಆದೊಡನೆ ಹೊರಗಿನ ಹತ್ತು ನೋಡ್‌ಗಳನ್ನು ಹುಡುಕಿ ಸಂಪರ್ಕ ಹಿಡಿಯುತ್ತದೆ. ಎಂಟರಲ್ಲಿ ವಹಿವಾಟಿನ ಸುದ್ದಿಯೂ ಬ್ಲಾಕುಗಳೂ ಹರಿಯುತ್ತವೆ, ಉಳಿದೆರಡು ಬ್ಲಾಕುಗಳಿಗೆ ಮಾತ್ರ. 8333ನೇ ಪೋರ್ಟ್ ತೆರೆದಿದ್ದರೆ ಹೊರಗಿನವರೂ ಬಂದು ಸೇರುತ್ತಾರೆ; ಒಟ್ಟು ಸಂಪರ್ಕ 125ರವರೆಗೆ ಏರಬಹುದು. ಇವರೆಲ್ಲರಿಗೂ ನಿಮ್ಮ ಐಪಿ ಗೊತ್ತು. ನೀವು ಹಣ ಕಳಿಸಿದಾಗ ಆ ಸುದ್ದಿ ಮೊದಲು ಹೊರಡುವುದು ನಿಮ್ಮ ನೋಡ್‌ನಿಂದಲೇ. ಯಾರಾದರೂ ಸಾವಿರಾರು ನೋಡ್‌ಗಳ ಜೊತೆ ಒಟ್ಟಿಗೆ ಸಂಪರ್ಕ ಇಟ್ಟುಕೊಂಡು, ಯಾವ ವಹಿವಾಟು ಮೊದಲು ಯಾವ ಕಡೆಯಿಂದ ಬಂತೆಂದು ಬರೆದಿಟ್ಟರೆ, ಮೂಲವನ್ನು ಊಹಿಸಬಹುದು. ಬಿಟ್‌ಕಾಯಿನ್ ಕೋರ್ ಸುದ್ದಿ ಹಬ್ಬಿಸುವಾಗ ಅಷ್ಟಿಷ್ಟು ವಿಳಂಬ ಬೆರೆಸಿ ಈ ಊಹೆಯನ್ನು ಕಷ್ಟಗೊಳಿಸುತ್ತದೆ, ಅಸಾಧ್ಯವಾಗಿಸುವುದಿಲ್ಲ. ಇದು ಬರೀ ಊಹಾಪೋಹವೂ ಅಲ್ಲ. ಹಲವಾರು ಐಪಿಗಳಿಂದ ನೋಡ್‌ಗಳಿಗೆ ಬಂದು, ಕಿವಿಗೊಟ್ಟು ಕೇಳಿ ಹೋಗುವ ಒಂದು ಅನಾಮಿಕ ಗುಂಪನ್ನು 2023ರಲ್ಲಿ ಜಾಲ ಗಮನಿಸುವವರು ಗುರುತಿಸಿ ಲಿಂಕಿಂಗ್‌ಲಯನ್ ಎಂದು ಹೆಸರಿಟ್ಟರು. ಅದರ ಓಡಾಟ 2018ರಿಂದಲೇ ಇತ್ತು.

2023ರ ಕೊನೆಯಲ್ಲಿ ಬಂದ 26ನೇ ಆವೃತ್ತಿಯಿಂದ ಬಿಟ್‌ಕಾಯಿನ್ ಕೋರ್‌ನಲ್ಲಿ ಸಂಪರ್ಕಗಳನ್ನು ಗೂಢಲಿಪಿಯಲ್ಲಿ ನಡೆಸುವ ಸೌಲಭ್ಯವಿದೆ. 27ನೇ ಆವೃತ್ತಿಯಲ್ಲಿ ಅದೇ ರೂಢಿಯ ವ್ಯವಸ್ಥೆಯಾಯಿತು. ಅದಕ್ಕೂ ಮುಂಚೆ ನಿಮ್ಮ ಬ್ರಾಡ್‌ಬ್ಯಾಂಡ್ ಕಂಪನಿ ನೋಡ್‌ನ ಮಾತುಕತೆಯನ್ನು ತೆರೆದ ಕಾಗದದಂತೆ ಓದಬಹುದಿತ್ತು. ಈಗ ಎರಡೂ ತುದಿಯಲ್ಲಿ ಈ ಸೌಲಭ್ಯವಿದ್ದರೆ ನಡುವೆ ಕೂತು ಕೇಳುವವರು ಓದಲಾರರು, ಸರಿ. ಆದರೆ ಮಾತಿನ ಆ ತುದಿಯಲ್ಲಿ ಕೂತವನಿಗೆ ನಿಮ್ಮ ಐಪಿ ಕಾಣುತ್ತಲೇ ಇರುತ್ತದೆ. ಟಾರ್ ಬೇಕಾಗುವುದು ಅಲ್ಲಿಗೆ.

ಟಾರ್‌ನ ಹಿಂದಿನ ವಿಚಾರ ಹುಟ್ಟಿದ್ದು 1990ರ ದಶಕದ ಮಧ್ಯದಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ನಿಮ್ಮ ಮಾಹಿತಿ ಮೂರು ರಿಲೇ ಕಂಪ್ಯೂಟರುಗಳನ್ನು ಹಾದು ಹೋಗುತ್ತದೆ, ಮೂರು ಪದರದ ಗೂಢಲಿಪಿಯಲ್ಲಿ. ಒಂದೊಂದು ರಿಲೇ ಒಂದೊಂದು ಪದರ ಬಿಚ್ಚುತ್ತದೆ. ಮೊದಲನೆಯದಕ್ಕೆ ನೀವು ಯಾರೆಂದು ಗೊತ್ತು, ಎಲ್ಲಿಗೆ ಹೊರಟಿದ್ದೀರಿ ಎಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ನೋಡ್ ಈ ಜಾಲವನ್ನು ಎರಡು ರೀತಿಯಲ್ಲಿ ಬಳಸಬಹುದು. ಇವೆರಡರ ವ್ಯತ್ಯಾಸ ತಿಳಿಯದೆ ಸೆಟ್ಟಿಂಗ್ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯದು, ಟಾರ್ ಮೂಲಕ ಹೊರಟು ಎಕ್ಸಿಟ್ ಎಂಬ ಕೊನೆಯ ರಿಲೇಯಿಂದ ಸಾಮಾನ್ಯ ಇಂಟರ್‌ನೆಟ್ಟಿಗೆ ಇಳಿದು ಮಾಮೂಲಿ ನೋಡ್‌ಗಳನ್ನು ತಲುಪುವುದು. ಇದರ ಹುಳುಕನ್ನು ಒಂದು ದಶಕದ ಹಿಂದೆಯೇ ಬಿರ್ಯುಕೋವ್ ಮತ್ತು ಪುಸ್ತೊಗರೋವ್ ಎಂಬ ಸಂಶೋಧಕರು ತೋರಿಸಿದ್ದರು. ಕೆಟ್ಟದಾಗಿ ನಡೆದುಕೊಂಡ ಐಪಿಯನ್ನು ಆಗಿನ ಬಿಟ್‌ಕಾಯಿನ್ ನೋಡ್‌ಗಳು 24 ಗಂಟೆ ಹೊರಗಿಡುತ್ತಿದ್ದವು. ದಾಳಿಕೋರ ಎಕ್ಸಿಟ್‌ಗಳ ಮೂಲಕ ಬೇಕೆಂದೇ ಕಸ ಕಳಿಸಿ ಆ ಎಕ್ಸಿಟ್‌ಗಳನ್ನೆಲ್ಲ ಬಹಿಷ್ಕಾರಕ್ಕೆ ತಳ್ಳಬಹುದಿತ್ತು. ಆಮೇಲೆ ಟಾರ್ ಬಳಸುವ ನೋಡ್‌ಗೆ ಉಳಿಯುತ್ತಿದ್ದ ದಾರಿ ದಾಳಿಕೋರನದೇ ಎಕ್ಸಿಟ್, ದಾಳಿಕೋರನದೇ ನೋಡ್. ಬಿಟ್‌ಕಾಯಿನ್ ಕೋರ್ ಆ ಬಹಿಷ್ಕಾರದ ನಿಯಮವನ್ನು ಮುಂದೆ ಸಡಿಲಿಸಿತು. ಆದರೂ ಎಕ್ಸಿಟ್ ನಡೆಸುವವನು ಯಾರೋ ಅಪರಿಚಿತ ಎಂಬ ಸಂಗತಿ ಬದಲಾಗಿಲ್ಲ.

ಎರಡನೆಯದರಲ್ಲಿ ಎಕ್ಸಿಟ್ ಎಂಬುದೇ ಇಲ್ಲ. ನೋಡ್ ತನಗೊಂದು ಆನಿಯನ್ ವಿಳಾಸ, ಅಂದರೆ ಟಾರ್ ಒಳಗೆ ಮಾತ್ರ ನಡೆಯುವ ವಿಳಾಸ, ಮಾಡಿಕೊಳ್ಳುತ್ತದೆ. ಅದನ್ನು ಹುಡುಕಿ ಬರುವ ನೋಡ್ ತನ್ನ ಕಡೆಯಿಂದ ಮೂರು ರಿಲೇ ಹಾದು ಬರುತ್ತದೆ, ನಿಮ್ಮದು ನಿಮ್ಮ ಕಡೆಯಿಂದ ಮೂರು ಹಾದು ಹೋಗುತ್ತದೆ. ಪರಸ್ಪರ ಮನೆ ತೋರಿಸಲೊಲ್ಲದ ಇಬ್ಬರು ಊರಾಚೆಯ ಅರಳಿಕಟ್ಟೆಯಲ್ಲಿ ಕೂತು ಮಾತಾಡಿದ ಹಾಗೆ, ಎರಡೂ ನಡುವಿನ ಒಂದು ರಿಲೇಯಲ್ಲಿ ಸಂಧಿಸುತ್ತವೆ. ವಿಳಾಸ ಎನ್ನುವುದೇ ಇಲ್ಲಿ ಸಾರ್ವಜನಿಕ ಕೀಲಿ. ಆದ್ದರಿಂದ ಆ ವಿಳಾಸ ತಲುಪಿದೆ ಎಂದರೆ ಆ ಕೀಲಿಯ ಒಡೆಯನನ್ನೇ ತಲುಪಿದೆ ಎಂದರ್ಥ, ನಡುವೆ ಬೇರೆಯವರು ವೇಷ ಹಾಕಲಾರರು.

ಈ ಅನುಕೂಲ ಇವತ್ತಿನ ರೂಪಕ್ಕೆ ಬರಲು ಬಿಟ್‌ಕಾಯಿನ್ ತನ್ನ ಸಂದೇಶದ ಅಚ್ಚನ್ನೇ ಬದಲಿಸಬೇಕಾಯಿತು. ನೋಡ್‌ಗಳು ಒಂದಕ್ಕೊಂದು ವಿಳಾಸ ಹಂಚಿಕೊಳ್ಳುವ ಹಳೆಯ ಸಂದೇಶದಲ್ಲಿ ಒಂದು ವಿಳಾಸಕ್ಕೆ 16 ಬೈಟ್ ಜಾಗ ಮಾತ್ರ ಇತ್ತು. ಟಾರ್‌ನ ಹಳೆಯ, 16 ಅಕ್ಷರದ ವಿಳಾಸ 10 ಬೈಟ್‌ನದಾದ್ದರಿಂದ ಅದನ್ನು ಐಪಿವಿ6 ವಿಳಾಸದ ವೇಷದಲ್ಲಿ ತುರುಕಿ ಕಳಿಸುತ್ತಿದ್ದರು. ಹೊಸ, ಗಟ್ಟಿಯಾದ ವಿಳಾಸ 56 ಅಕ್ಷರದ್ದು, ಅದರ ಕೀಲಿಯೇ 32 ಬೈಟ್. ಎಷ್ಟು ಒತ್ತಿದರೂ ಹಿಡಿಸದು. ಬಿಪ್ 155 ಎಂಬ ಪ್ರಸ್ತಾವ ಬೇರೆಬೇರೆ ಉದ್ದದ ವಿಳಾಸಗಳಿಗೆ ಜಾಗ ಮಾಡಿಕೊಟ್ಟಿತು. ಅದು 2021ರ ಜನವರಿಯ 0.21 ಆವೃತ್ತಿಯಲ್ಲಿ ಜಾರಿಗೆ ಬಂತು. ಅದೇ ವರ್ಷ ಟಾರ್ ಹಳೆಯ ವಿಳಾಸಗಳಿಗೆ ಬೆಂಬಲ ನಿಲ್ಲಿಸಿತು. ಸಕಾಲಕ್ಕೆ ಆದ ಕೆಲಸ.

ಇನ್ನು ಹೂಡುವ ಬಗೆ. ಡೆಬಿಯನ್ ಅಥವಾ ಉಬುಂಟು ಇದ್ದರೆ ಟಾರ್ ಪ್ಯಾಕೇಜ್ ಹಾಕಿಕೊಂಡು, ಅದರ ಸೆಟ್ಟಿಂಗ್ ಕಡತದಲ್ಲಿ ಕಂಟ್ರೋಲ್‌ಪೋರ್ಟ್ 9051 ಮತ್ತು ಕುಕಿ ದೃಢೀಕರಣ ಎರಡನ್ನೂ ಚಾಲೂ ಮಾಡಿ. ಬಿಟ್‌ಕಾಯಿನ್ ಓಡಿಸುವ ಯೂಸರನ್ನು ಟಾರ್‌ನ ಗ್ರೂಪಿಗೆ ಸೇರಿಸಿ. ಇಲ್ಲವಾದರೆ ಆ ಕುಕಿಯನ್ನು ಓದಲು ಅನುಮತಿ ಸಿಗದೆ ಆನಿಯನ್ ವಿಳಾಸ ಹುಟ್ಟುವುದಿಲ್ಲ. ಬಹಳ ಮಂದಿ ಎಡವುವುದು ಈ ಹೆಜ್ಜೆಯಲ್ಲೇ. ಬಳಿಕ ಬಿಟ್‌ಕಾಯಿನ್‌ನ ಕಾನ್ಫ್ ಕಡತದಲ್ಲಿ ಪ್ರಾಕ್ಸಿಗೆ 127.0.0.1:9050 ಕೊಡಿ, ಲಿಸನ್‌ಗೆ 1, ಬೈಂಡ್‌ಗೆ 127.0.0.1. ಪ್ರಾಕ್ಸಿ ಕೊಟ್ಟೊಡನೆ ಲಿಸನ್ ತಾನಾಗಿ ನಿಂತುಹೋಗುವುದರಿಂದ ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಮರುಚಾಲನೆ ಮಾಡಿ ನೆಟ್‌ಇನ್ಫೋ ಆದೇಶ ಕೊಟ್ಟರೆ 56 ಅಕ್ಷರದ ವಿಳಾಸ ಕಾಣುತ್ತದೆ. ಅದರ ಖಾಸಗಿ ಕೀಲಿ ಡೇಟಾ ಫೋಲ್ಡರಿನಲ್ಲೇ ಒಂದು ಕಡತವಾಗಿ ಇರುತ್ತದೆ. ಆ ಕಡತ ಅಳಿಸಿದರೆ ಮುಂದಿನ ಸಲ ಹೊಸ ವಿಳಾಸ ಬರುತ್ತದೆ. ಒಂದೊಂದು ಸಂಪರ್ಕಕ್ಕೂ ಟಾರ್‌ನಲ್ಲಿ ಬೇರೆ ಹಾದಿ ಹಿಡಿಯುವ ವ್ಯವಸ್ಥೆ ಮೊದಲೇ ಚಾಲೂ ಇದೆ, ಅದನ್ನು ಮುಟ್ಟಬೇಡಿ.

ನಮ್ಮ ಕಡೆಯ ಬ್ರಾಡ್‌ಬ್ಯಾಂಡ್ ಬಳಕೆದಾರರಿಗೆ ಇದರಿಂದ ಇನ್ನೊಂದು ಲಾಭವಿದೆ. ಒಂದೇ ಸಾರ್ವಜನಿಕ ಐಪಿಯನ್ನು ಹಲವು ಮನೆಗಳಿಗೆ ಹಂಚುವ ಪದ್ಧತಿ ಇಲ್ಲಿ ವ್ಯಾಪಕ. ಹಾಗಿರುವಾಗ ರೌಟರ್‌ನಲ್ಲಿ ಎಷ್ಟೇ ಪೋರ್ಟ್ ತೆರೆದರೂ ಹೊರಗಿನ ನೋಡ್ ಒಳಗೆ ಬರಲಾಗುವುದಿಲ್ಲ. ಆನಿಯನ್ ವಿಳಾಸಕ್ಕೆ ಈ ತೊಡಕಿಲ್ಲ. ಸಂಪರ್ಕವನ್ನು ಒಳಗಿನಿಂದಲೇ ಹೊರಕ್ಕೆ ಕಟ್ಟುವುದರಿಂದ ಹುಬ್ಬಳ್ಳಿಯ ಮನೆಯೊಂದರ ನೋಡ್ ಕೂಡ ಹೊಸ ನೋಡ್‌ಗಳಿಗೆ ಬ್ಲಾಕು ಕೊಡಬಲ್ಲುದು. ಹೀಗೆ ಮಾಡಿದರೆ ಬೇರೆಯವರ ಟಾರ್ ಸಂಚಾರ ನಮ್ಮ ಮನೆಯ ಮೂಲಕ ಹಾಯುತ್ತದೆಯೇ ಎಂದು ಹೆದರುವವರಿದ್ದಾರೆ. ಇಲ್ಲ. ಅದು ರಿಲೇ ನಡೆಸುವವರ ಕೆಲಸ, ನೀವು ಟಾರ್‌ನ ಬಳಕೆದಾರರಷ್ಟೇ.

ಮೊದಲ ಸಲ ಬ್ಲಾಕುಗಳ ಇಡೀ ಸರಪಳಿ ಇಳಿಸಿಕೊಳ್ಳುವುದು ದೊಡ್ಡ ಕೆಲಸ. ಅದು 600 ಜಿಬಿ ದಾಟಿದೆ, ಟಾರ್ ಮೇಲೆ ನಿಧಾನವಾಗಿ ಎಳೆಯುತ್ತದೆ. ಮನೆಯಲ್ಲಿ ನೋಡ್ ಇದೆ ಎಂಬುದನ್ನೇ ಮುಚ್ಚಿಡಬೇಕಾದವರು ತಾಳ್ಮೆಯಿಂದ ಟಾರ್‌ನಲ್ಲೇ ಇಳಿಸಿಕೊಳ್ಳಲಿ. ಉಳಿದವರು ಇಳಿಸುವುದನ್ನು ನೇರ ಸಂಪರ್ಕದಲ್ಲಿ ಮುಗಿಸಿ, ಆಮೇಲೆ ಟಾರ್‌ಗೆ ಬದಲಾಯಿಸಬಹುದು. ಅಲ್ಲಿಯತನಕ ಆ ನೋಡ್‌ನಿಂದ ಏನನ್ನೂ ಕಳಿಸಬಾರದು, ಅಷ್ಟೇ. ಹಳೆಯ ಹಾರ್ಡ್ ಡಿಸ್ಕ್ ಬೇಡ, 2 ಟಿಬಿ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಯುಪಿಎಸ್ ಕೂಡ ಬೇಕು: ಬರೆಯುವ ಮಧ್ಯೆ ಕರೆಂಟು ಹೋದರೆ ಡೇಟಾಬೇಸ್ ಕೆಟ್ಟು, ಎಲ್ಲವನ್ನೂ ಮತ್ತೆ ಪರೀಕ್ಷಿಸುವ ಪ್ರಮೇಯ ಬರಬಹುದು.

ಆನ್ಲಿನೆಟ್ ಎಂಬ ಸೆಟ್ಟಿಂಗ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದಕ್ಕೆ ಆನಿಯನ್ ಎಂದು ಕೊಟ್ಟರೆ ನೋಡ್ ಆನಿಯನ್ ವಿಳಾಸಗಳನ್ನು ಬಿಟ್ಟು ಬೇರೆಲ್ಲಿಗೂ ತಾನಾಗಿ ಹೋಗುವುದಿಲ್ಲ. ಕೇಳಲು ಇದೇ ಅತಿ ಸುರಕ್ಷಿತ ಎನಿಸುತ್ತದೆ, ಹಲವರು ಹಾಗೆಯೇ ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಹೊರಗಿನ ಸಂಪರ್ಕಗಳನ್ನು ಆರಿಸುವಾಗ ನೋಡ್ ಬೇರೆಬೇರೆ ಐಪಿ ವಲಯಗಳಿಂದ ಆರಿಸುತ್ತದೆ, ಏಕೆಂದರೆ ಅಷ್ಟು ವಲಯಗಳಲ್ಲಿ ಐಪಿ ಹೊಂದಲು ದಾಳಿಕೋರ ದುಡ್ಡು ಸುರಿಯಬೇಕು. ಆನಿಯನ್ ವಿಳಾಸಕ್ಕೆ ಖರ್ಚೇ ಇಲ್ಲ, ಒಬ್ಬನೇ ಸಾವಿರಾರು ಸೃಷ್ಟಿಸಬಹುದು. ನಿಮ್ಮ ಸಂಪರ್ಕಗಳೆಲ್ಲ ಒಬ್ಬನ ಕೈಗೆ ಸಿಕ್ಕರೆ ಅವನು ಹೊಸ ಬ್ಲಾಕುಗಳನ್ನು ತಡೆಹಿಡಿದು, ನಿಜವಾದ ಜಾಲ ಎಲ್ಲಿದೆಯೋ ನಿಮಗೆ ಕಾಣದಂತೆ ಮಾಡಬಲ್ಲ. ಗ್ರಹಣ ದಾಳಿ ಎನ್ನಬಹುದಾದ ಇದನ್ನು ಹೈಲ್‌ಮನ್ ಮತ್ತು ಸಂಗಡಿಗರು 2015ರಲ್ಲಿ ವಿವರವಾಗಿ ತೋರಿಸಿದ್ದರು. ಟಾರ್ ಜಾಲವೇ ಬಳಲಿದರೆ ಎಂಬ ಪ್ರಶ್ನೆಯೂ ಇದೆ: 2022ರ ಮಧ್ಯದಿಂದ ತಿಂಗಳುಗಟ್ಟಲೆ ನಡೆದ ದಾಳಿಯಲ್ಲಿ ಆನಿಯನ್ ಸೇವೆಗಳು ತೀರಾ ನಿಧಾನವಾಗಿದ್ದವು. ಆದ್ದರಿಂದ ಆನ್ಲಿನೆಟ್ ಬಿಟ್ಟುಬಿಡಿ. ಪ್ರಾಕ್ಸಿ ಇರುವುದರಿಂದ ಮಾಮೂಲಿ ನೋಡ್‌ಗಳಿಗೂ ಎಕ್ಸಿಟ್ ಮೂಲಕವೇ ಸಂಪರ್ಕ ಆಗುತ್ತದೆ, ಐಪಿ ಬಯಲಾಗುವುದಿಲ್ಲ, ವೈವಿಧ್ಯವೂ ಉಳಿಯುತ್ತದೆ. ಜೊತೆಗೆ ಐಟುಪಿ ಎಂಬ ಇನ್ನೊಂದು ಅನಾಮಿಕ ಜಾಲವನ್ನೂ ಸೇರಿಸಿ. 22ನೇ ಆವೃತ್ತಿಯಿಂದ ಬೆಂಬಲವಿದೆ, ಐಟುಪಿ ತಂತ್ರಾಂಶ ಓಡುತ್ತಿದ್ದರೆ ಅದರ 7656ನೇ ಪೋರ್ಟ್ ತೋರಿಸಿದರೆ ಸಾಕು. ಎಕ್ಸಿಟ್ ಒಂದು ಸುಳ್ಳು ಹೇಳಿದರೂ ಆನಿಯನ್ ಮತ್ತು ಐಟುಪಿ ಕಡೆಯ ಪ್ರಾಮಾಣಿಕ ನೋಡ್ ಒಂದರಿಂದ ಸರಿಯಾದ ಸರಪಳಿ ಬರುತ್ತದೆ.

ಟಾರ್ ಕಾಪಾಡುವುದು ನೋಡ್ ಎಲ್ಲಿದೆ ಎಂಬುದನ್ನು ಮಾತ್ರ. ಬ್ಲಾಕ್‌ಚೈನ್ ಎಲ್ಲರೂ ಓದುವ ಖಾತೆಪುಸ್ತಕ. ಪ್ಯಾನ್ ಕೊಟ್ಟು ವಿನಿಮಯ ಕೇಂದ್ರದಲ್ಲಿ ಕೊಂಡ ನಾಣ್ಯ ನಿಮ್ಮ ಹೆಸರಿನ ಜೊತೆಗೇ ಮುಂದಕ್ಕೆ ಸಾಗುತ್ತದೆ. ಇಂಥ ನಾಣ್ಯಗಳ ಮೇಲೆ ಭಾರತದಲ್ಲಿ 2022ರಿಂದ ಇರುವ ಶೇ. 30 ತೆರಿಗೆ, ಶೇ. 1 ಟಿಡಿಎಸ್‌ಗಳಿಗೂ ಟಾರ್‌ಗೂ ಸಂಬಂಧವಿಲ್ಲ, ಕೊಡಬೇಕಾದ್ದನ್ನು ಕೊಡಲೇಬೇಕು. ನೀವು ಟಾರ್ ಬಳಸುತ್ತಿದ್ದೀರಿ ಎಂಬುದು ಬ್ರಾಡ್‌ಬ್ಯಾಂಡ್ ಕಂಪನಿಗೂ ಕಾಣುತ್ತದೆ, ಒಳಗೆ ಏನಿದೆ ಎಂಬುದು ಕಾಣದು.

ಫೋನಿನ ವಾಲೆಟ್ ಅನ್ನೂ ಈ ನೋಡ್‌ಗೇ ಜೋಡಿಸದಿದ್ದರೆ ಪಟ್ಟ ಶ್ರಮ ಅರ್ಧಕ್ಕೆ ನಿಂತಂತೆ, ಏಕೆಂದರೆ ಆಗ ವಾಲೆಟ್ ಮತ್ತೆ ಯಾರದೋ ಸರ್ವರಿಗೆ ವಿಳಾಸ ಒಪ್ಪಿಸುತ್ತಿರುತ್ತದೆ. ವಾಲೆಟ್‌ಗಳಿಗೆ ನೋಡ್‌ನ ಮಾಹಿತಿ ಒದಗಿಸುವ ಎಲೆಕ್ಟ್ರಮ್ ಸರ್ವರ್ ಒಂದನ್ನು ನೋಡ್‌ನ ಪಕ್ಕದಲ್ಲಿ ನಡೆಸಿ, ಅದಕ್ಕೆ ಪ್ರತ್ಯೇಕ ಆನಿಯನ್ ವಿಳಾಸ ಕೊಡಿ. ಮೈಸೂರಿನಲ್ಲಿದ್ದರೂ ಬೇರೆ ಊರಿನಲ್ಲಿದ್ದರೂ ಫೋನ್ ಅದೇ ವಿಳಾಸದಿಂದ ಮನೆಯ ನೋಡ್ ತಲುಪುತ್ತದೆ. 8332 ಎಂಬ ಆಡಳಿತದ ಪೋರ್ಟನ್ನು ಮಾತ್ರ ಯಾವ ಆನಿಯನ್ ವಿಳಾಸಕ್ಕೂ ಜೋಡಿಸಬೇಡಿ: ಅದರ ಪಾಸ್‌ವರ್ಡ್ ಸಿಕ್ಕವನು ನೋಡ್‌ನೊಳಗಿನ ವಾಲೆಟ್‌ನಿಂದ ಹಣವನ್ನೂ ಕಳಿಸಬಲ್ಲ.