ಮೂರು ವಾರ ನಾನು ಬರಲ್ಲ, ಕಾರಣ ಇಷ್ಟೇ

ಇವತ್ತು ರಾಜಕೀಯ ಬೇಡ. ಇವತ್ತಿನ ಸುದ್ದಿ ನನ್ನ ಕುತ್ತಿಗೆಯದ್ದು.

ನಾಳಿದ್ದು ನನಗೆ ಆಪರೇಷನ್. ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೀತಾರೆ. ಮೂರು ವಾರ ಈ ಕುರ್ಚಿಯಲ್ಲಿ ಬೇರೆಯವರು ಕೂತಿರ್ತಾರೆ. 'ರಜೆಯಲ್ಲಿದ್ದಾರೆ' ಅಂತ ಒಂದು ಸಾಲು ಹೇಳಿ ಮುಗಿಸಬಹುದಿತ್ತು. ಆದರೆ "ಯಾಕಮ್ಮಾ, ಕಣ್ಣು ಬಿಟ್ಟು ಹೆದರಿಸ್ತೀಯ?" ಅಂತ ನೀವು ಆರು ವರ್ಷದಿಂದ ಕೇಳ್ತಿದ್ದೀರಿ. ಅದಕ್ಕೊಂದು ಉತ್ತರ ಬಾಕಿ ಇದೆ.

2018ರ ಮೇ 15, ವಿಧಾನಸಭೆ ಚುನಾವಣೆಯ ಮತ ಎಣಿಕೆ. ಯಾರಿಗೂ ಬಹುಮತ ಇಲ್ಲ. ಸ್ಟುಡಿಯೋದಲ್ಲಿ ನನ್ನ ಎದೆ ಡವಡವ ಅಂತಿದೆ, ಕೈಯಲ್ಲಿದ್ದ ಹಾಳೆ ನಡುಗ್ತಿದೆ, ಎಸಿಯಲ್ಲೂ ಬೆವರು. ಎಲೆಕ್ಷನ್ ಟೆನ್ಷನ್ ಅಂದ್ಕೊಂಡೆ. ಸರ್ಕಾರ ಬಂತು, ಡವಡವ ನಿಲ್ಲಲಿಲ್ಲ. ಹೊಟ್ಟೆ ತುಂಬ ತಿಂದರೂ ಎರಡು ತಿಂಗಳಲ್ಲಿ ಏಳು ಕೆಜಿ ಇಳಿದೆ. "ಏನ್ ಡಯಟ್ ಮೇಡಂ?" ಅಂತ ಹೊಗಳಿದರು. ಅನುಮಾನ ಬಂದದ್ದು ನಮ್ಮ ಮೇಕಪ್ ಹುಡುಗನಿಗೆ. "ಮೇಡಂ, ರೆಪ್ಪೆ ಮೇಲಕ್ಕೆ ಹೋಗಿದೆ, ಒಮ್ಮೆ ಡಾಕ್ಟರಿಗೆ ತೋರಿಸಿ" ಅಂದ.

ರಕ್ತ ಪರೀಕ್ಷೆ ಹೇಳಿದ ಹೆಸರು ಗ್ರೇವ್ಸ್ ರೋಗ. 1835ರಲ್ಲಿ ಇದನ್ನು ವಿವರಿಸಿದ ಡಬ್ಲಿನ್ ನಗರದ ವೈದ್ಯ ರಾಬರ್ಟ್ ಗ್ರೇವ್ಸ್ ಹೆಸರೇ ರೋಗಕ್ಕೂ ಬಂದಿದೆ. ಥೈರಾಯ್ಡ್ ಅನ್ನೋದು ಶ್ವಾಸನಾಳದ ಮುಂದೆ ಅಂಟಿಕೊಂಡಿರೋ ಚಿಟ್ಟೆಯಾಕಾರದ ಗ್ರಂಥಿ. ದೇಹ ಎಷ್ಟು ಜೋರಾಗಿ ಓಡಬೇಕು ಅಂತ ನಿರ್ಧರಿಸೋದು ಅದರ ಹಾರ್ಮೋನು. ಗ್ರಂಥಿಗೆ ಆರ್ಡರ್ ಕೊಡೋದು ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ. ಗ್ರೇವ್ಸ್‌ನಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ನಕಲಿ ಆರ್ಡರ್ ಹೊರಡಿಸುತ್ತೆ. ಪಿಟ್ಯುಟರಿ 'ಸಾಕು' ಅಂದರೂ ಕಾರ್ಖಾನೆ ನಿಲ್ಲಲ್ಲ. ಅದೇ ದಾಳಿ ಕಣ್ಣಿನ ಹಿಂದಿನ ಅಂಗಾಂಶದ ಮೇಲೂ ಆದಾಗ ಕಣ್ಣು ಮುಂದಕ್ಕೆ ಬರುತ್ತೆ. ನಾನು ಹೆದರಿಸ್ತಿರಲಿಲ್ಲ ಸ್ವಾಮಿ, ರೆಪ್ಪೆ ಮುಚ್ತಿರಲಿಲ್ಲ.

ಇದಕ್ಕೆ ಮುಖ್ಯವಾಗಿ ಮೂರು ದಾರಿ. ಒಂದು, ಮಾತ್ರೆ. ಸಾಮಾನ್ಯವಾಗಿ ಒಂದೂವರೆ ವರ್ಷ ಕೊಟ್ಟು ನಿಲ್ಲಿಸಿ ನೋಡ್ತಾರೆ. ಸುಮಾರು ಅರ್ಧದಷ್ಟು ಜನರಲ್ಲಿ ರೋಗ ಮರಳುತ್ತೆ. ನನಗೆ 2020ರಲ್ಲಿ ಮರಳಿತು. ಮತ್ತೆ ಮಾತ್ರೆ, ಮತ್ತೆ ನಿಲ್ಲಿಸಿದ್ದು. 2023ರ ಮತ ಎಣಿಕೆ ದಿನ ಮತ್ತೆ ಹಾಳೆ ನಡುಗಿತು. ಈ ಸಲ ಟೆನ್ಷನ್ ಅಂತ ನನಗೆ ನಾನೇ ಸುಳ್ಳು ಹೇಳಿಕೊಳ್ಳಲಿಲ್ಲ.

ಎರಡು, ವಿಕಿರಣಶೀಲ ಅಯೋಡಿನ್. ಅದನ್ನು ನುಂಗಿದರೆ ಗ್ರಂಥಿ ತಾನೇ ಹೀರಿಕೊಂಡು ಸುಟ್ಟುಹೋಗುತ್ತೆ. 1991ರಲ್ಲಿ ಅಮೆರಿಕದ ಅಧ್ಯಕ್ಷ ಅಪ್ಪ ಬುಷ್ ಜಾಗಿಂಗ್ ಮಾಡ್ತಾ ಹೃದಯದ ತಾಳ ತಪ್ಪಿ ಆಸ್ಪತ್ರೆ ಸೇರಿದ್ದು ಇದೇ ರೋಗದಿಂದ. ಹೆಂಡತಿ ಬಾರ್ಬರಾಗೂ ಇದೇ ಇತ್ತು. ಇಬ್ಬರೂ ಅಯೋಡಿನ್ ದಾರಿ ಹಿಡಿದರು. ಆದರೆ ಕಣ್ಣಿಗೆ ರೋಗ ಇಳಿದಿರುವವರಿಗೆ ಅದು ಕಣ್ಣಿನ ಕಾಟ ಹೆಚ್ಚಿಸಬಹುದು. ಹಾಗಾಗಿ ನನಗೆ ಬೇಡ ಅಂದರು.

ಮೂರು, ಚಾಕು. ನಾನು ಆರು ವರ್ಷ ತಪ್ಪಿಸಿಕೊಂಡು ಓಡಾಡಿದ್ದು ಇದರಿಂದಲೇ. ಕಾರಣ ಬಹಳ ಸಣ್ಣದು, ದಾರದಷ್ಟು ಸಣ್ಣದು. ದನಿಪೆಟ್ಟಿಗೆಯನ್ನು ಆಡಿಸೋ ನರ ಈ ಗ್ರಂಥಿಯ ಬೆನ್ನಿಗೇ ಅಂಟಿದಂತೆ ಹೋಗುತ್ತೆ. ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತೆ. ಅನುಭವಿ ಕೈಯಲ್ಲಿ ಶಾಶ್ವತವಾಗಿ ಹಾಗಾಗೋದು ನೂರಕ್ಕೆ ಒಂದರ ಆಸುಪಾಸು. ನೂರಕ್ಕೆ ಒಂದು ಅಂದರೆ ಕಡಿಮೆ ಅಂತೀರಿ. ನನ್ನ ಮನೆಯ ಅಕ್ಕಿ ಬೇಳೆ ಬರೋದೇ ಈ ದನಿಯಿಂದ. ಆ ಒಂದು ನಾನೇ ಆದರೆ?

ಸಣ್ಣ ಡೋಸ್ ಮಾತ್ರೆಯಲ್ಲೇ ವರ್ಷಗಟ್ಟಲೆ ಇರಬಹುದು, ಅದೂ ತಪ್ಪಲ್ಲ ಅಂದರು ಡಾಕ್ಟರು. ಹಾಗೇ ಇರೋಣ ಅಂದ್ಕೊಂಡಿದ್ದೆ. ಒಂದು ರಾತ್ರಿ ಜ್ವರ, ಗಂಟಲು ನೋವು. ಈ ಮಾತ್ರೆ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನೇ ಬರಿದು ಮಾಡುತ್ತೆ. ಇದೇ ಮಾತ್ರೆ ತಗೊಳ್ಳೋರು ಬರೆದಿಟ್ಟುಕೊಳ್ಳಿ: ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ನೋಡಿ. ನನ್ನ ಕಣಗಳು ಸರಿಯಾಗೇ ಇದ್ದವು. ಆದರೆ ರಿಪೋರ್ಟ್ ಬರೋವರೆಗೆ ಆಸ್ಪತ್ರೆ ಬೆಂಚಿನ ಮೇಲೆ ಕೂತಾಗ ಒಂದು ವಿಷಯ ಹೊಳೆಯಿತು. ಆಪರೇಷನ್ನಿಗೆ ಅಪಾಯ ಇದೆ, ಆಪರೇಷನ್ ಬೇಡ ಅಂದರೆ ಅಪಾಯ ಇಲ್ಲ ಅಂತ ನಾನು ಲೆಕ್ಕ ಹಾಕಿದ್ದೆ. ಆ ಲೆಕ್ಕವೇ ತಪ್ಪು. ಮೂರೂ ದಾರಿಯಲ್ಲಿ ಅಪಾಯ ಇದೆ. ಯಾವುದರ ಜೊತೆ ಬದುಕಬಲ್ಲೆ ಅಂತ ಆರಿಸಬೇಕಾದವಳು ನಾನೇ.

"ದೇವರು ಕೊಟ್ಟಿದ್ದನ್ನ ಯಾಕೆ ತೆಗೆಸ್ತೀಯ?" ಅಂತ ಅಮ್ಮ ಕೇಳಿದಳು. ನ್ಯಾಯವಾದ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಥಿಯೊಡೋರ್ ಕೋಖರ್ ಈ ಶಸ್ತ್ರಕ್ರಿಯೆಯನ್ನು ಸುರಕ್ಷಿತವಾಗಿಸಿದವರು, 1909ರ ನೊಬೆಲ್ ಪಡೆದವರು. ಗ್ರಂಥಿ ಪೂರ್ತಿ ತೆಗೆದ ರೋಗಿಗಳು ಮಂಕಾಗಿ ಊದಿಕೊಂಡದ್ದನ್ನು ಕಂಡವರೂ ಅವರೇ. ಆಗ ಹಾರ್ಮೋನಿನ ಮಾತ್ರೆ ಇರಲಿಲ್ಲ. ಈಗ ಇದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು, ಕಾಫಿ ಅರ್ಧ ಗಂಟೆ ಬಿಟ್ಟು, ಜೀವನಪೂರ್ತಿ. ಅಂದರೆ ಇದು ರೋಗಮುಕ್ತಿ ಅಲ್ಲ, ವ್ಯಾಪಾರ. ಯಾವಾಗ ಕೆರಳುತ್ತೋ ಗೊತ್ತಿಲ್ಲದ ಗ್ರಂಥಿ ಕೊಟ್ಟು, ಲೆಕ್ಕ ಸಿಗೋ ಮಾತ್ರೆ ತಗೊಳ್ತಿದ್ದೀನಿ. ನಕಲಿ ಆರ್ಡರ್ ಕೆಲಕಾಲ ಬರ್ತಾನೇ ಇರುತ್ತೆ, ಆದರೆ ಕಾರ್ಖಾನೆಯೇ ಇರಲ್ಲ.

ಇನ್ನೊಂದು ಮಾತು. ಹಾರ್ಮೋನು ಏರಿದ್ದಾಗ ನಾನು ಮನೆಯಲ್ಲಿ ಕೂಗಾಡಿದ್ದೀನಿ, ರಾತ್ರಿಯಿಡೀ ಎದ್ದು ಕೂತಿದ್ದೀನಿ. ಆ ಸ್ಥಿತಿಯಲ್ಲಿ ತೀರ್ಮಾನ ಮಾಡಬಾರದು. ಮೊದಲು ಮಾತ್ರೆಯಿಂದ ಹತೋಟಿಗೆ ತಂದುಕೊಳ್ಳಿ. ಹತೋಟಿ ಇಲ್ಲದೆ ಆಪರೇಷನ್ ಮಾಡಿದರೆ ಜೀವಕ್ಕೇ ಕುತ್ತು. ಆಮೇಲೆ ಸರ್ಜನ್ ಎದುರು ಕೂತು ನಾಚಿಕೆ ಬಿಟ್ಟು ಕೇಳಿ. ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡ್ತೀರಿ? ದನಿತಂತುಗಳನ್ನು ಮೊದಲೇ ಪರೀಕ್ಷಿಸ್ತೀರಾ? ಹಿಂದಿರೋ ನಾಲ್ಕು ಪ್ಯಾರಾಥೈರಾಯ್ಡ್‌ಗಳನ್ನು ಹೇಗೆ ಉಳಿಸ್ತೀರಿ? ಯಾಕಂದ್ರೆ ಅವು ಕೆಲಸ ನಿಲ್ಲಿಸಿದರೆ ಕ್ಯಾಲ್ಸಿಯಂ ಇಳಿದು ಬೆರಳು, ತುಟಿ ಜುಮ್ಮೆನ್ನುತ್ತೆ. ನಾನು ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ, ಚಿತ್ರ ಬರೆದು ಉತ್ತರ ಕೊಟ್ಟರು. ನಾನು ಒಪ್ಪಿದ್ದು ಆ ಚಿತ್ರ ನೋಡಿ.

ಈಗ ಒಂದು ವಾರದಿಂದ ದಿನಾ ಅಯೋಡಿನ್ ಹನಿಗಳನ್ನು ನೀರಿಗೆ ಹಾಕಿ ಕುಡೀತಿದ್ದೀನಿ. ಗ್ರಂಥಿಗೆ ಹರಿಯೋ ರಕ್ತ ಕಡಿಮೆಯಾಗಲಿ, ಕೊಯ್ಯೋರಿಗೆ ಸುಲಭ ಆಗಲಿ ಅಂತ. ರುಚಿ ಕೆಟ್ಟದು. ಭಯ ಹೋಗಿಲ್ಲ. ಭಯ ಇಟ್ಟುಕೊಂಡೇ ಸಹಿ ಹಾಕಿದ್ದೀನಿ.

ಮೂರು ವಾರ ಬಿಟ್ಟು ಇದೇ ಒಂಬತ್ತು ಗಂಟೆಗೆ ಟಿವಿ ಹಾಕಿ. ಬಂದು ಮೊದಲು 'ನಮಸ್ಕಾರ' ಅಂತೀನಿ. ದನಿ ಹೇಗಿದೆ ಅಂತ ನೀವೇ ಹೇಳಿ.